ಒಂದು ಫೋನು, 50 ರಟ್ಟಿನ ಕಾರ್ಡು: ಇಂಟರ್ನೆಟ್ ಇಲ್ಲದ ತರಗತಿಯಲ್ಲಿ ಎಲ್ಲರ ಉತ್ತರ ಎಣಿಸುವ ವ್ಯವಸ್ಥೆ

ಪ್ರಶ್ನೆ ಕೇಳಿದ ಕೂಡಲೇ ಮುಂದಿನ ಬೆಂಚಿನ ನಾಲ್ಕೈದು ಕೈ ಮೇಲೇಳುತ್ತವೆ. ಉಳಿದ ನಲವತ್ತು ಮಂದಿಗೆ ಏನು ಅರ್ಥವಾಗಿದೆ ಎಂಬುದು ಕಿರುಪರೀಕ್ಷೆಯ ತನಕ ಗೊತ್ತಾಗುವುದಿಲ್ಲ. ಕಹೂಟ್‌ನಂಥ ರಸಪ್ರಶ್ನೆ ಆಪ್‌ಗಳಿಗೆ ಪ್ರತಿ ಮಗುವಿನ ಕೈಯಲ್ಲೂ ಒಂದು ಸಾಧನ ಬೇಕು, ಜೊತೆಗೆ ನೆಟ್ ಬೇಕು. ಪ್ಲಿಕರ್ಸ್ ಎಂಬ ಆಪ್‌ನಲ್ಲಿ ಮಕ್ಕಳಿಗೆ ಕಾಗದದ ಕಾರ್ಡು ಸಾಕು, ಶಿಕ್ಷಕರ ಫೋನು ಎಣಿಸುತ್ತದೆ. ಆದರೆ ಅದಕ್ಕೂ ಖಾತೆ ಮತ್ತು ನೆಟ್ ಬೇಕು. ಅದೇ ಉಪಾಯವನ್ನು ನೆಟ್ ಇಲ್ಲದೆ, ಓಪನ್‌ಸಿವಿ ಎಂಬ, ಚಿತ್ರ ಓದುವ ಉಚಿತ ತಂತ್ರಾಂಶ ಬಳಸಿ ಕಟ್ಟಿದ ಕೆಲಸದ ದಾಖಲೆ ಇದು.

ಕೋಣೆ 24 ಅಡಿ ಉದ್ದ, 20 ಅಡಿ ಅಗಲ. ಕೊನೆಯ ಬೆಂಚು ಬೋರ್ಡಿನಿಂದ ಹತ್ತಿರ ಹತ್ತಿರ 7 ಮೀಟರ್. ಮಕ್ಕಳು 45. ಇದ್ದ ಸಾಮಾನು: ಹಳೆಯ ವಿಂಡೋಸ್ ಲ್ಯಾಪ್‌ಟಾಪ್, ಸಾಧಾರಣ ಆಂಡ್ರಾಯ್ಡ್ ಫೋನು. ಪ್ರೊಜೆಕ್ಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಪ್ರೋಗ್ರಾಂ ನೂರು ಸಾಲು ದಾಟುವುದಿಲ್ಲ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬಲ್ಲವರು ಒಂದು ಭಾನುವಾರದಲ್ಲಿ ಮುಗಿಸಬಹುದು. ಸಮಯ ತಿಂದದ್ದೆಲ್ಲ ಕಾಗದ, ಕತ್ತರಿ, ಬೆಳಕು.

ಹಂತ 1: ಮೊದಲ ಕಂತಿನ ಕಾರ್ಡು (ವ್ಯರ್ಥ)

ಆರುಕೊ ಮಾರ್ಕರ್ ಎಂದರೆ ಕಪ್ಪು ಅಂಚಿನೊಳಗೆ ಕಪ್ಪು-ಬಿಳಿ ಚೌಕಗಳಿರುವ ಗುರುತು. ಪ್ರತಿ ಗುರುತಿಗೆ ಒಂದು ಸಂಖ್ಯೆ. ಕ್ಯಾಮೆರಾ ನೋಡಿದರೆ ಸಂಖ್ಯೆಯೂ ಸಿಗುತ್ತದೆ, ಗುರುತು ಯಾವ ಕಡೆ ತಿರುಗಿದೆ ಎಂಬುದೂ ಸಿಗುತ್ತದೆ. ಸಂಖ್ಯೆಯೇ ಹಾಜರಿ ಕ್ರಮಾಂಕ, ತಿರುಗಿದ ದಿಕ್ಕೇ ಉತ್ತರ. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ. ಎ ಮೇಲಿದ್ದರೆ ಎ, ಬಿ ಮೇಲಿದ್ದರೆ ಬಿ.

ಮೊದಲ ಕಂತಿನಲ್ಲಿ ಕಾಗದ ಉಳಿಸಲು ಒಂದು ಎ4 ಹಾಳೆಗೆ ನಾಲ್ಕು ಕಾರ್ಡು ಇಡಲಾಯಿತು. ಮಾರ್ಕರ್ 8 ಸೆಂ.ಮೀ., ಒಳಗೆ 4×4 ಚೌಕದ ಕಂತೆ (ಕಂತೆ ಎಂದರೆ ಒಂದೇ ಬಗೆಯ ಗುರುತುಗಳ ಗುಂಪು), ಮಾಮೂಲಿ ಜೆರಾಕ್ಸ್ ಕಾಗದ, ಮೇಲೆ ಹೊಳಪಿನ ಲ್ಯಾಮಿನೇಷನ್. 13 ಹಾಳೆಗೆ ಮುದ್ರಣ ₹39, ಲ್ಯಾಮಿನೇಷನ್ ₹260. ಅಷ್ಟೂ ದುಡ್ಡು ನೀರಿಗೆ. ಕಾರಣ ಮೂರು.

ಒಂದು, ಗಾತ್ರ. ಫೋನಿನ ಮುಖ್ಯ ಕ್ಯಾಮೆರಾ ಅಡ್ಡಕ್ಕೆ ಸುಮಾರು 65 ಡಿಗ್ರಿ ನೋಡುತ್ತದೆ. 7 ಮೀಟರ್ ದೂರದಲ್ಲಿ ಅದು 8.9 ಮೀಟರ್ ಅಗಲ. 1280 ಪಿಕ್ಸೆಲ್ ಅಗಲದ ಚಿತ್ರದಲ್ಲಿ 8 ಸೆಂ.ಮೀ. ಮಾರ್ಕರ್‌ಗೆ ಸಿಗುವುದು 11–12 ಪಿಕ್ಸೆಲ್. ಅಂಚೂ ಸೇರಿ ಅಡ್ಡಕ್ಕೆ 6 ಚೌಕ, ಅಂದರೆ ಚೌಕವೊಂದಕ್ಕೆ ಎರಡು ಪಿಕ್ಸೆಲ್ ಕೂಡ ಇಲ್ಲ. ಮುಂದಿನ ಮೂರು ಸಾಲು ಚೆನ್ನಾಗಿ ಓದಿತು, ಹಿಂದಿನವರು ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕೆ ಸಿಗಬೇಕಿದ್ದವರೇ ಹಿಂದಿನವರು.

ಎರಡು, ಹೊಳಪು. ಕಿಟಕಿಯ ಪಕ್ಕದ ಬೆಂಚುಗಳಲ್ಲಿ ಲ್ಯಾಮಿನೇಷನ್ ಮೇಲೆ ಬೆಳಕು ಬಿದ್ದು ಕಪ್ಪು ಚೌಕ ಬಿಳಿಯಾಗಿ ಕಾಣುತ್ತದೆ. ಕಾರ್ಡನ್ನು ಸ್ವಲ್ಪ ಬಗ್ಗಿಸಿ ಹಿಡಿಯಿರಿ ಎಂದು ಹೇಳುತ್ತಾ ಕೂತರೆ ಪೀರಿಯಡ್ ಮುಗಿಯುತ್ತದೆ.

ಮೂರು, ಚೌಕಳಿ ಅಂಗಿ. ಸಮವಸ್ತ್ರ ಚೌಕಳಿಯದಾಗಿದ್ದರೆ 4×4 ಕಂತೆಯನ್ನು ಮುಟ್ಟಲೇಬಾರದು. 16 ಚೌಕದಲ್ಲಿ ಸಾಧ್ಯವಿರುವ ವಿನ್ಯಾಸ 65,536. ಅದರಲ್ಲಿ 50 ಗುರುತು, ನಾಲ್ಕು ದಿಕ್ಕು, ಒಟ್ಟು 200 ನಮ್ಮವು. ಅಂಗಿಯ ನೂರಾರು ಚೌಕಗಳಲ್ಲಿ ಯಾವುದೋ ಒಂದು ಆ 200ಕ್ಕೆ ಹೊಂದಿಕೊಂಡುಬಿಡುತ್ತದೆ. ರಜೆಯಲ್ಲಿರುವ 31ನೇ ನಂಬರ್ ಹುಡುಗಿ ಸಿ ಎಂದು ಉತ್ತರ ಕೊಟ್ಟಂತೆ ಪಟ್ಟಿಯಲ್ಲಿ ಬರುವುದು ಹೀಗೆ. ಕಿಟಕಿಯ ಸರಳು, ಜಾಲರಿಗಳೂ ಇದೇ ಕಿತಾಪತಿ ಮಾಡುತ್ತವೆ. 5×5 ಕಂತೆಯಲ್ಲಿ ಸಾಧ್ಯ ವಿನ್ಯಾಸ 3.35 ಕೋಟಿ. ತಂತ್ರಾಂಶ ಒಂದು ಚೌಕದ ತಪ್ಪನ್ನು ಮನ್ನಿಸಿದರೂ ಸುಳ್ಳು ಗುರುತು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ.

ಹಂತ 2: ಎರಡನೇ ಕಂತು (ಈಗ ಬಳಕೆಯಲ್ಲಿರುವುದು)

ಅಳತೆ ಹೀಗೆ. ಕಾರ್ಡು 148×148 ಮಿ.ಮೀ. ಚೌಕ. ಮಾರ್ಕರ್ 112 ಮಿ.ಮೀ. 5×5 ಕಂತೆಗೆ ಅಂಚೂ ಸೇರಿ ಅಡ್ಡಕ್ಕೆ 7 ಚೌಕ, ಪ್ರತಿ ಚೌಕ 16 ಮಿ.ಮೀ. ಸುತ್ತ 18 ಮಿ.ಮೀ. ಬಿಳಿ ಜಾಗ. ಈ ಬಿಳಿ ಜಾಗ ಕಡ್ಡಾಯ, ಕನಿಷ್ಠ ಒಂದು ಚೌಕದಷ್ಟಾದರೂ ಇರಬೇಕು. ಅದೇ ಅಳತೆಯ ಕಾರ್ಡಿಗೆ 13 ಸೆಂ.ಮೀ. ಮಾರ್ಕರ್ ಹಾಕಿ ಬಿಳಿ ಅಂಚನ್ನು 9 ಮಿ.ಮೀ.ಗೆ ಇಳಿಸಿದ ಮಾದರಿಯೂ ಪರೀಕ್ಷೆಯಾಯಿತು. ಕಡುನೀಲಿ ಸ್ವೆಟರ್ ಮುಂದೆ ಹಿಡಿದಾಗ ಕಪ್ಪು ಅಂಚು ಸ್ವೆಟರ್‌ಗೆ ಬೆರೆತು ಹೋಯಿತು, ಮಾರ್ಕರ್ ದೊಡ್ಡದಾದರೂ ಓದಲಿಲ್ಲ. ದೊಡ್ಡ ಮಾರ್ಕರ್‌ಗಿಂತ ಅಗಲ ಬಿಳಿ ಅಂಚು ಮುಖ್ಯ.

1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ 7 ಮೀಟರ್ ದೂರಕ್ಕೆ ಈ 112 ಮಿ.ಮೀ. ಮಾರ್ಕರ್ 24 ಪಿಕ್ಸೆಲ್ ಬರುತ್ತದೆ, ಚೌಕಕ್ಕೆ 3.4. ಸಾಕು.

ಮುದ್ರಣಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಮ್ಯಾಟ್, ಅಂದರೆ ಹೊಳಪಿಲ್ಲದ ಕಾರ್ಡು, ಲೇಸರ್ ಪ್ರಿಂಟ್, ಲ್ಯಾಮಿನೇಷನ್ ಬೇಡ. ಇಂಕ್‌ಜೆಟ್ ಕಪ್ಪು, ಬೆವರು ಕೈ ತಾಗಿದರೆ ಹರಡುತ್ತದೆ. ಒಂದು ಎ4ಗೆ ಎರಡು ಕಾರ್ಡು, 50 ಕಾರ್ಡಿಗೆ 25 ಹಾಳೆ.

ಅಂಗಡಿಗೆ ಕಡತ ಕೊಡುವಾಗ ಎರಡು ಎಚ್ಚರಿಕೆ. ಮಾರ್ಕರ್ ಚಿತ್ರವನ್ನು 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಚೌಕಕ್ಕೆ 189 ಪಿಕ್ಸೆಲ್, ಒಟ್ಟು 1323 ಪಿಕ್ಸೆಲ್ ಮಾಡಿದರೆ ಸರಿಯಾಗಿ 112 ಮಿ.ಮೀ. ಕೂರುತ್ತದೆ. ಪಿಎನ್‌ಜಿಯಿಂದ ಪಿಡಿಎಫ್ ಮಾಡಿ ಕೊಡಬೇಕು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿ ಅಂಚು ಮಸುಕು ಮಾಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಎರಡನೆಯದು, ಪ್ರಿಂಟ್ ಮಾಡುವವರು ರೂಢಿಯಂತೆ ‘ಪುಟಕ್ಕೆ ಹೊಂದಿಸು’ ಒತ್ತುತ್ತಾರೆ, ಮಾರ್ಕರ್ ಕಿರಿದಾಗುತ್ತದೆ. 100 ಶೇಕಡಾ ಅಳತೆ ಎಂದು ಬಾಯಿಬಿಟ್ಟು ಹೇಳಿ, ಮೊದಲ ಹಾಳೆಯನ್ನು ಅಲ್ಲೇ ಸ್ಕೇಲಿನಲ್ಲಿ ಅಳೆದು, ಆಮೇಲೆ ಉಳಿದದ್ದಕ್ಕೆ ಒಪ್ಪಿಗೆ ಕೊಡಬೇಕು.

ಹಿಡಿಕೆ: ಮಕ್ಕಳು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ, ಹೆಬ್ಬೆರಳು ಬಿಳಿ ಅಂಚು ದಾಟಿ ಕಪ್ಪಿನ ಮೇಲೆ ಬರುತ್ತದೆ. ಕಪ್ಪು ಅಂಚು ಒಂದೇ ಕಡೆ ಮುರಿದರೂ ಗುರುತು ಸಿಗುವುದಿಲ್ಲ. ‘ಬೆರಳು ಮುಚ್ಚಬೇಡಿ’ ಎಂಬ ಸೂಚನೆ ಎರಡು ಪ್ರಶ್ನೆಗಳವರೆಗೆ ನೆನಪಿರುತ್ತದೆ, ಮೂರನೆಯದಕ್ಕೆ ಮತ್ತೆ ಅದೇ. ಪರಿಹಾರ ಕತ್ತರಿಸಿದ ಚೂರಿನಲ್ಲೇ ಇತ್ತು. ಎ4 ಹಾಳೆಯಿಂದ ಎರಡು 148 ಮಿ.ಮೀ. ಚೌಕ ತೆಗೆದರೆ 62 ಮಿ.ಮೀ. ಅಗಲದ ಪಟ್ಟಿ ಉಳಿಯುತ್ತದೆ. ಅದನ್ನು ಅರ್ಧಕ್ಕೆ ಕತ್ತರಿಸಿದರೆ ಎರಡು ಕಾರ್ಡಿಗೆ ಒಂದೊಂದು ಪಟ್ಟಿ. ಪಟ್ಟಿಯ ಎರಡೂ ತುದಿ 20 ಮಿ.ಮೀ. ಮಡಿಸಿ, ಮಡಿಕೆಗಳ ನಡುವೆ 90 ಮಿ.ಮೀ. ಅಂತರ ಇಟ್ಟು ಕಾರ್ಡಿನ ಹಿಂಬದಿಗೆ ಫೆವಿಕಾಲ್ ಹಚ್ಚಿ ಅಂಟಿಸಿ, ಮೇಲೆ ಬಟ್ಟೆ ಟೇಪ್ ಎಳೆಯಬೇಕು. ನಡುವೆ ಕಮಾನು ಏಳುತ್ತದೆ, ನಾಲ್ಕು ಬೆರಳು ತೂರಿಸಿ ಹಿಡಿಯಬಹುದು, ಕಾರ್ಡು ಯಾವ ಕಡೆ ತಿರುಗಿದರೂ ಹಿಡಿತ ಒಂದೇ. ಕಮಾನಿನ ಬುಡದಲ್ಲಿ ಗೀರು ಹಾಕಿಟ್ಟರೆ ಪಕ್ಕಕ್ಕೆ ಮಲಗುತ್ತದೆ, ಇಲ್ಲದಿದ್ದರೆ 50 ಕಾರ್ಡು ಒಂದು ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಬಟ್ಟೆ ಟೇಪ್ ಬಿಟ್ಟು ಬರೀ ಅಂಟಿನಲ್ಲಿ ಮಾಡಿದ ಹಿಡಿಕೆಗಳು ವಾರದೊಳಗೆ ಕಿತ್ತವು.

ಅಕ್ಷರಗಳು ಹಿಂಬದಿಯಲ್ಲಿ ಮಾತ್ರ. ಮುಂಬದಿಯಲ್ಲಿ ಅಕ್ಷರ ಬರೆದರೆ ಆಚೆ ಸಾಲಿನವರು ಓದಿ ನಕಲು ಮಾಡುತ್ತಾರೆ. ಹಿಂಬದಿಯಲ್ಲೂ ಚಿಕ್ಕದಾಗಿ, ಅಂಚಿಗೆ ಒತ್ತಿ. ಎದೆಯ ಮಟ್ಟದಲ್ಲಿ ಹಿಡಿದರೆ ಹಿಂದಿನ ಬೆಂಚಿಗೆ ಮೈ ಅಡ್ಡವಾಗುತ್ತದೆ.

ಇಲ್ಲಿ ದಾರಿ ತಪ್ಪಿಸುವ ಸಂಗತಿ ಒಂದಿದೆ. ಕ್ಯಾಮೆರಾ ಕಡೆಯಿಂದ ಬಲಕ್ಕಿರುವುದು ಮಗುವಿನ ಕಡೆಯಿಂದ ಎಡಕ್ಕೆ. ಪ್ರೋಗ್ರಾಂ ಎ ಮೇಲೆ, ಬಿ ಬಲಕ್ಕೆ, ಸಿ ಕೆಳಗೆ, ಡಿ ಎಡಕ್ಕೆ ಎಂದು ಮುಂಬದಿಯ ಲೆಕ್ಕದಲ್ಲಿ ಬರೆದಿದ್ದರೆ ಹಿಂಬದಿಯಲ್ಲಿ ಅಕ್ಷರಗಳು ಅಪ್ರದಕ್ಷಿಣವಾಗಿ ಬರಬೇಕು: ಎ ಮೇಲೆ, ಬಿ ಎಡಕ್ಕೆ. ಉಲ್ಟಾ ಆಗಿದ್ದರೆ ಲಕ್ಷಣ ಸ್ಪಷ್ಟ: ಎ ಮತ್ತು ಸಿ ಸರಿಯಾಗಿ ಬರುತ್ತವೆ, ಬಿ ಮತ್ತು ಡಿ ಅದಲುಬದಲು. ಎಲ್ಲ ಕಾರ್ಡೂ ಒಂದೇ ರೀತಿ ಉಲ್ಟಾ ಆಗಿದ್ದರೆ ಪ್ರೋಗ್ರಾಂನಲ್ಲಿ ಒಂದು ಸಾಲು ಬದಲಿಸಿದರೆ ಮುಗಿಯಿತು. ಇಬ್ಬರು ಕೂತು ಅರ್ಧ ಅರ್ಧ ಬರೆದು, ಒಬ್ಬರು ಈ ಕಡೆ ಇನ್ನೊಬ್ಬರು ಆ ಕಡೆ ಮಾಡಿದ್ದರೆ ಯಾವ ಪ್ರೋಗ್ರಾಮೂ ಸರಿಮಾಡಲಾರದು. ಒಂದು ಮಾದರಿ ಕಾರ್ಡು ಮುಗಿಸಿ, ಪರೀಕ್ಷಿಸಿ, ಅದನ್ನು ಎದುರಿಗಿಟ್ಟುಕೊಂಡೇ ಉಳಿದ 49 ಬರೆಯಬೇಕು.

ಕಣ್ಣು ಮಂದವಿರುವ ಮಕ್ಕಳ ಕಾರ್ಡಿನ ಅಂಚಿನಲ್ಲಿ ಕತ್ತರಿಯಿಂದ ಗೀರು: ಎ ಕಡೆ ಒಂದು, ಬಿ ಕಡೆ ಎರಡು, ಹೀಗೆ. 5 ಮಿ.ಮೀ. ಆಳ ಸಾಕು, ಬಿಳಿ ಅಂಚು ಕೆಡುವುದಿಲ್ಲ.

ಖರ್ಚು: ಕಾರ್ಡು ಮತ್ತು ಮುದ್ರಣ 25 × ₹15 = ₹375, ಕಟಿಂಗ್ ₹40, ಬಟ್ಟೆ ಟೇಪ್ ₹90. ಒಟ್ಟು ₹505. ಮೊದಲ ಕಂತಿನ ₹299 ಬೇರೆ.

ಹಂತ 3: ಕ್ಯಾಮೆರಾ

ಫೋನಿಗೆ ಐಪಿ ವೆಬ್‌ಕ್ಯಾಮ್ ಆಪ್, ಅದು ಫೋನಿನ ಕ್ಯಾಮೆರಾ ಚಿತ್ರವನ್ನು ಲ್ಯಾಪ್‌ಟಾಪ್‌ಗೆ ಕೊಡುತ್ತದೆ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಅದಕ್ಕೆ ಸೇರಿಸಬೇಕು. ಶಾಲೆಯ ರೂಟರ್ ಮೂಲಕ ಹೋದರೆ ಕೆಲವು ರೂಟರ್‌ಗಳು ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆಯುತ್ತವೆ, ಫೋನೂ ಲ್ಯಾಪ್‌ಟಾಪೂ ಒಂದೇ ವೈಫೈನಲ್ಲಿದ್ದರೂ ಸಂಪರ್ಕ ಸಿಗುವುದಿಲ್ಲ. ಹಾಟ್‌ಸ್ಪಾಟ್‌ನಲ್ಲಿ ಈ ತಲೆನೋವಿಲ್ಲ. ಮೊಬೈಲ್ ಡೇಟಾ ಆಫ್ ಮಾಡಿಡಿ. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ದಿನದ ಡೇಟಾ ಪೂರ್ತಿ ನುಂಗುತ್ತದೆ.

ಆಪ್‌ನ ವೀಡಿಯೊ ಹರಿವನ್ನು ನೇರವಾಗಿ ಓಪನ್‌ಸಿವಿಗೆ ಕೊಟ್ಟರೆ ಚಿತ್ರ ಹಿಂದೆ ಬೀಳುತ್ತದೆ. ಲ್ಯಾಪ್‌ಟಾಪ್ ನಿಧಾನ, ಫ್ರೇಮ್‌ಗಳು ಸಾಲಿನಲ್ಲಿ ಕಾಯುತ್ತವೆ, ಎರಡನೇ ಪ್ರಶ್ನೆಗೆ ಬರುವಾಗ ಪರದೆಯಲ್ಲಿ ಇನ್ನೂ ಮೊದಲ ಪ್ರಶ್ನೆಯ ಕಾರ್ಡುಗಳು. ವೀಡಿಯೊ ಬಿಟ್ಟು ಒಂದೊಂದೇ ಚಿತ್ರ ಕೇಳುವುದು ಸುಲಭ ದಾರಿ: 8080ನೇ ಪೋರ್ಟ್‌ನಲ್ಲಿ ‘ಶಾಟ್ ಡಾಟ್ ಜೆಪಿಜಿ’ ಎಂಬ ವಿಳಾಸ ಆ ಕ್ಷಣದ ಚಿತ್ರ ಕೊಡುತ್ತದೆ. ಆಪ್‌ನಲ್ಲಿ 1920×1080 ಆರಿಸಿ, ಚಿತ್ರದ ಗುಣಮಟ್ಟ 80ಕ್ಕಿಂತ ಮೇಲಿಡಬೇಕು. ಕೆಳಗಿಳಿಸಿದರೆ ದೂರದ ಮಾರ್ಕರ್‌ನ ಚೌಕಗಳು ಕಲಸಿಹೋಗುತ್ತವೆ.

ಫೋನು ಎಲ್ಲಿಡುವುದು? ಬೋರ್ಡಿನ ಮೇಲೆ, ಏಳು ಅಡಿ ಎತ್ತರದಲ್ಲಿ ಆಂಗಲ್ ಹೊಡೆದು ಕೂರಿಸುವುದು ಮೊದಲ ಯೋಚನೆ. ಹಿಂದಿನ ಬೆಂಚುಗಳು ಚೆನ್ನಾಗಿ ಬಂದವು. ಆದರೆ ಮೊದಲ ಬೆಂಚಿಗೆ ಬೋರ್ಡಿನಿಂದ ಒಂದೂವರೆ ಮೀಟರ್. ಅಷ್ಟು ಹತ್ತಿರದಲ್ಲಿ ಕ್ಯಾಮೆರಾ ಕಾಣುವ ಅಗಲ 1.9 ಮೀಟರ್, ಇಪ್ಪತ್ತು ಅಡಿ ಕೋಣೆಯಲ್ಲಿ ಆರು ಅಡಿ. ಮುಂದಿನ ಎರಡು ಸಾಲಿನ ಅಕ್ಕಪಕ್ಕದವರು ಚಿತ್ರದಲ್ಲೇ ಇಲ್ಲ. ಆಂಗಲ್ ಕಿತ್ತು ಹಾಕಿದ್ದಾಯಿತು.

ಮುಂದಿನ ಯತ್ನ, ಫೋನನ್ನು ಕೈಯಲ್ಲಿ ಹಿಡಿದು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸುವುದು. ನಿಧಾನ ಎಂದರೂ ಸಾಲದು. ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 130 ಡಿಗ್ರಿ, ಹತ್ತು ಸೆಕೆಂಡಿನಲ್ಲಿ ತಿರುಗಿದರೆ ಸೆಕೆಂಡಿಗೆ 13 ಡಿಗ್ರಿ. ಕೋಣೆಯ ಮಂದ ಬೆಳಕಿಗೆ ಶಟರ್ 1/30 ಸೆಕೆಂಡ್ ತೆರೆದಿರುತ್ತದೆ, ಅಷ್ಟರಲ್ಲಿ ಚಿತ್ರ 12–13 ಪಿಕ್ಸೆಲ್ ಜಾರುತ್ತದೆ. ಹಿಂದಿನ ಬೆಂಚಿನ ಮಾರ್ಕರ್‌ನ ಒಂದು ಚೌಕ ಇರುವುದೇ 3.4 ಪಿಕ್ಸೆಲ್.

ಕೊನೆಗೆ ನಿಂತದ್ದು ಮೂರು ನಿಲುಗಡೆ. ಬೋರ್ಡಿನ ನಡುವೆ ನಿಂತು ಎಡಕ್ಕೆ ಹಿಡಿದು ನಿಲ್ಲಿಸು, ಐದು ಚಿತ್ರ. ನಡುವೆ, ಐದು ಚಿತ್ರ. ಬಲಕ್ಕೆ, ಐದು ಚಿತ್ರ. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಫೋನು ತಲೆಯ ಮಟ್ಟಕ್ಕಿಂತ ಸ್ವಲ್ಪ ಮೇಲಿಟ್ಟರೆ ಸಾಕು, ಟ್ರೈಪಾಡ್ ಬೇಡ. ಪ್ರತಿ ನಿಲುಗಡೆಗೂ ಲ್ಯಾಪ್‌ಟಾಪ್ ಒಂದು ಬೀಪ್ ಕೊಡುವಂತೆ ಮಾಡಿದರೆ ಯಾವಾಗ ತಿರುಗಬೇಕೆಂದು ಪರದೆ ನೋಡುವ ಅಗತ್ಯವಿಲ್ಲ. ಕಿಟಕಿಗೆ ಎದುರಾದ ನಿಲುಗಡೆಯಲ್ಲಿ ಕ್ಯಾಮೆರಾ ತಾನೇ ಚಿತ್ರವನ್ನು ಕಪ್ಪು ಮಾಡಿಬಿಡುತ್ತದೆ. ಆ ಕಡೆಯ ಕಿಟಕಿಯ ಬಾಗಿಲು ಅರ್ಧ ಮುಚ್ಚಿದರೆ ಸರಿ, ಇಲ್ಲವೇ ಆಪ್‌ನಲ್ಲಿ ಎಕ್ಸ್‌ಪೋಶರ್ (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕಿನ ಪ್ರಮಾಣ) ಬದಲಾಗದಂತೆ ಬೀಗ ಹಾಕಬೇಕು. ಸೆಲ್ಫಿ ಕ್ಯಾಮೆರಾ ಬೇಡ. ಚಿತ್ರ ಕನ್ನಡಿಯಂತೆ ತಿರುಗಿದ್ದರೆ ಒಂದು ಗುರುತೂ ಸಿಗುವುದಿಲ್ಲ.

ಹಂತ 4: ಪ್ರೋಗ್ರಾಂ

ಪೈಥಾನ್ ಮತ್ತು ಓಪನ್‌ಸಿವಿ. ಶಾಲೆಯ ಲ್ಯಾಪ್‌ಟಾಪ್‌ಗೆ ನೆಟ್ ಇಲ್ಲದಿದ್ದರೆ ಬೇಕಾದ ಪ್ಯಾಕೇಜ್ ಕಡತಗಳನ್ನು ಬೇರೆ ಕಡೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕು. ಪೈಥಾನ್ ಆವೃತ್ತಿ ಮತ್ತು 32/64 ಬಿಟ್ ಎರಡೂ ತಾಳೆಯಾಗಬೇಕು. ವಿಂಡೋಸ್ 7 ಇರುವ ಯಂತ್ರಕ್ಕೆ ಪೈಥಾನ್ 3.8 ಕೊನೆಯದು, ಅದರಿಂದ ಮೇಲಿನದು ಹತ್ತುವುದಿಲ್ಲ.

ನೆಟ್‌ನಲ್ಲಿ ಸಿಗುವ ಹಳೆಯ ಆರುಕೊ ಪಾಠಗಳನ್ನು ನಕಲು ಮಾಡಿದರೆ ಮೊದಲ ಸಾಲಿಗೇ ಎಡವುತ್ತವೆ. ಓಪನ್‌ಸಿವಿ 4.7ರಲ್ಲಿ ಆರುಕೊ ಮುಖ್ಯ ಪ್ಯಾಕೇಜಿಗೆ ಬಂತು, ಕರೆಯುವ ರೀತಿಯೂ ಬದಲಾಯಿತು. ಹಿಂದೆ ‘ಡ್ರಾ ಮಾರ್ಕರ್’ ಎಂದಿದ್ದದ್ದು ಈಗ ‘ಜನರೇಟ್ ಇಮೇಜ್ ಮಾರ್ಕರ್’. ಗುರುತು ಹುಡುಕಲು ‘ಆರುಕೊ ಡಿಟೆಕ್ಟರ್’ ಎಂಬ ವಸ್ತು ಮೊದಲು ಸೃಷ್ಟಿಸಬೇಕು.

ಉತ್ತರ ಓದುವುದು ಹೀಗೆ. ಪ್ರತಿ ಗುರುತಿಗೂ ನಾಲ್ಕು ಮೂಲೆಗಳ ಸ್ಥಾನ ಸಿಗುತ್ತದೆ. ಮೊದಲನೆಯದು ಯಾವಾಗಲೂ ಗುರುತಿನ ಸ್ವಂತ ಎಡ ಮೇಲ್ಮೂಲೆ, ಉಳಿದವು ಪ್ರದಕ್ಷಿಣವಾಗಿ. ಮೊದಲ ಮೂಲೆಯಿಂದ ಎರಡನೆಯದಕ್ಕೆ ಎಳೆದ ಗೆರೆಯ ಕೋನ ನೋಡಿ ಹತ್ತಿರದ 90ರ ಗುಣಕಕ್ಕೆ ಇಳಿಸಿದರೆ ದಿಕ್ಕು ಸಿಕ್ಕಿತು. ಎರಡು ಅಕ್ಷರಗಳ ನಡುವೆ, ಅಂದರೆ 45 ಡಿಗ್ರಿಯ ಆಚೀಚೆ 10 ಡಿಗ್ರಿ ಒಳಗಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಚಿತ್ರದಲ್ಲಿ ಲಂಬ ಅಳತೆ ಕೆಳಮುಖವಾಗಿ ಹೆಚ್ಚುತ್ತದೆ ಎಂಬುದು ಮರೆತರೆ ಇಲ್ಲೂ ಬಿ–ಡಿ ಅದಲುಬದಲು. ಹಿಂಬದಿ ಅಕ್ಷರದ ತಪ್ಪೂ ಇದೂ ಒಟ್ಟಿಗೆ ಆದರೆ ಒಂದನ್ನೊಂದು ಸರಿಗಟ್ಟಿಕೊಂಡು ಎಲ್ಲ ಸರಿಯಾಗಿಯೇ ಬರುತ್ತದೆ. ಆಮೇಲೆ ಒಂದನ್ನು ತಿದ್ದಿದ ದಿನ ಇನ್ನೊಂದು ಎದ್ದು ಕೂರುತ್ತದೆ.

ಫೋನು ಅಡ್ಡ ಹಿಡಿದರೆ ಒಂದು ಉತ್ತರ, ಉದ್ದ ಹಿಡಿದರೆ ಇನ್ನೊಂದು. ಇಡೀ ತರಗತಿ ಒಂದು ಅಕ್ಷರ ಸರಿದು ಉತ್ತರ ಕೊಟ್ಟಂತೆ ಕಾಣುತ್ತದೆ. ಇದಕ್ಕೆ 0 ನಂಬರಿನ ಕಾರ್ಡನ್ನು ಹಿಂದಿನ ಗೋಡೆಗೆ ಎ ಮೇಲೆ ಬರುವಂತೆ ಅಂಟಿಸಿದೆ. ಅದು ನಡುವಿನ ನಿಲುಗಡೆಯಲ್ಲಿ ಕಾಣುತ್ತದೆ. ಅದು ಎ ಅಲ್ಲದೆ ಬೇರೆ ಓದಿದರೆ ಪ್ರೋಗ್ರಾಂ ಎಲ್ಲರ ಉತ್ತರವನ್ನೂ ಅಷ್ಟೇ ತಿರುಗಿಸುತ್ತದೆ. ಕಾಣದೇ ಹೋದರೆ ಎಣಿಕೆಯನ್ನೇ ನಿಲ್ಲಿಸುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಭಾಗ ಈ ಗೋಡೆ ಕಾರ್ಡು.

ದೂರದ ಗುರುತು ಸಿಗದಿದ್ದರೆ ಓಪನ್‌ಸಿವಿಯ ‘ಮಿನ್ ಮಾರ್ಕರ್ ಪೆರಿಮೀಟರ್ ರೇಟ್’ ಎಂಬ ಹೊಂದಿಕೆ ನೋಡಬೇಕು. ತಾನಾಗಿ ಇರುವ ಬೆಲೆ 0.03. 1920 ಅಗಲದ ಚಿತ್ರದಲ್ಲಿ ಅದರರ್ಥ, ಬದಿ 14.4 ಪಿಕ್ಸೆಲ್‌ಗಿಂತ ಚಿಕ್ಕ ಗುರುತನ್ನು ನೋಡದೆಯೇ ಬಿಡುತ್ತದೆ. ನಮ್ಮ 24ಕ್ಕೆ ತೊಂದರೆ ಇಲ್ಲ. ದೊಡ್ಡ ಸಭಾಂಗಣವಾದರೆ 0.015ಕ್ಕೆ ಇಳಿಸಬಹುದು, ಸುಳ್ಳು ಗುರುತು ಹೆಚ್ಚುವುದಕ್ಕೂ ತಯಾರಿರಬೇಕು.

ಒಪ್ಪುವ ನಿಯಮ: ಒಂದೇ ಸಂಖ್ಯೆ, ಒಂದೇ ದಿಕ್ಕು ಕನಿಷ್ಠ ಎರಡು ಚಿತ್ರದಲ್ಲಿ ಬಂದಿರಬೇಕು. ಎರಡು ಬೇರೆ ಉತ್ತರ ಬಂದರೆ ಆ ಸಂಖ್ಯೆ ಕೆಂಪಿನಲ್ಲಿ, ಮತ್ತೊಮ್ಮೆ ಆ ಕಡೆ ಹಿಡಿದರೆ ಮುಗಿಯಿತು. ಆ ದಿನದ ಗೈರುಹಾಜರಿ ಪಟ್ಟಿಯನ್ನು ಮೊದಲೇ ಕೊಟ್ಟರೆ ಅಂಗಿಯ ಚೌಕಗಳ ಕಾಟವೂ ತಪ್ಪುತ್ತದೆ. ಚಿತ್ರಗಳನ್ನು ಉಳಿಸುವುದಿಲ್ಲ, ಓದಿದ ಕೂಡಲೇ ಅಳಿಸುತ್ತದೆ. ಮಕ್ಕಳ ಮುಖಗಳು ಲ್ಯಾಪ್‌ಟಾಪ್‌ನಲ್ಲಿ ಬಿದ್ದಿರಬಾರದು.

ಕನ್ನಡದ ಕಥೆ ಬೇರೆ. ಚಿತ್ರದ ಮೇಲೆ ಹೆಸರು ಬರೆಸಲು ಓಪನ್‌ಸಿವಿಯ ಸ್ವಂತ ಅಕ್ಷರ ಸೌಲಭ್ಯ ಬಳಸಿದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಪಿಲ್ಲೊ ಎಂಬ ಇನ್ನೊಂದು ಪೈಥಾನ್ ಪ್ಯಾಕೇಜ್ ಬಳಸಿದರೆ ಕನ್ನಡ ಬರುತ್ತದೆ, ಆದರೆ ರಾಕಮ್ ಎಂಬ ಜೋಡಣೆ ಇಲ್ಲದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ನಿಲ್ಲುತ್ತದೆ. ಇದರ ಹಿಂದೆ ಬೀಳದೆ, ಫಲಿತಾಂಶವನ್ನು ಸಾದಾ ಎಚ್‌ಟಿಎಂಎಲ್ ಪುಟವಾಗಿ ಬರೆದು ಬ್ರೌಸರ್‌ನಲ್ಲಿ ತೋರಿಸುವುದು ಜಾಣತನ. ಅಕ್ಷರ ಜೋಡಣೆ ಬ್ರೌಸರ್‌ನ ಕೆಲಸ. ವರದಿಯನ್ನು ಸಿಎಸ್‌ವಿಯಾಗಿ ಉಳಿಸಿ ಎಕ್ಸೆಲ್‌ನಲ್ಲಿ ತೆರೆದಾಗ ಹೆಸರುಗಳು ಕೆಟ್ಟರೆ, ಉಳಿಸುವಾಗ ಯುಟಿಎಫ್-8 ಬದಲು ‘ಯುಟಿಎಫ್-8-ಸಿಗ್’ ಕೊಡಬೇಕು. ಇನ್ನು ಕಚೇರಿಯಿಂದ ಬಂದ ಹೆಸರಿನ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿದ್ದರೆ ಅದು ಯುನಿಕೋಡ್ ಅಲ್ಲ. ಫಾಂಟ್ ತೆಗೆದ ಕೂಡಲೇ ವಿಚಿತ್ರ ಲ್ಯಾಟಿನ್ ಅಕ್ಷರಗಳ ರಾಶಿ. ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು, ತೆಗೆದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಬೇಕು.

ಹಂತ 5: ಪ್ರಶ್ನೆಗಳು

ಯಂತ್ರ ಓಡತೊಡಗಿದ ಮೇಲೆ ಪ್ರಶ್ನೆಪತ್ರಿಕೆಯ ಒಂದಂಕದ ಪ್ರಶ್ನೆಗಳನ್ನೇ ಹಾಕಿದಾಗ ಏನೂ ತಿಳಿಯಲಿಲ್ಲ. ಬಾಯಿಪಾಠ ಇದ್ದವರು ಸರಿ, ಇಲ್ಲದವರು ತಪ್ಪು, ಅಷ್ಟೇ. ಪ್ರತಿ ತಪ್ಪು ಆಯ್ಕೆಯೂ ಒಂದು ನಿರ್ದಿಷ್ಟ ತಪ್ಪು ತಿಳಿವಳಿಕೆಗೆ ಕಟ್ಟಿರಬೇಕು. ದಶಮಾಂಶದ ಉದಾಹರಣೆ ನೋಡಿ.

‘ಯಾವುದು ಎಲ್ಲಕ್ಕಿಂತ ದೊಡ್ಡದು? 0.125, 0.35, 0.5, 0.4’ ಎಂದು ಕೇಳಿದರೆ, ಅಂಕಿ ಹೆಚ್ಚಿದ್ದರೆ ದೊಡ್ಡದು ಎನ್ನುವ ಮಗು 0.125ಕ್ಕೆ ಹೋಗುತ್ತದೆ. ಆದರೆ ‘ಅಂಕಿ ಕಡಿಮೆಯಿದ್ದರೆ ದೊಡ್ಡದು, ಹತ್ತನೇ ಭಾಗ ಸಾವಿರದ ಭಾಗಕ್ಕಿಂತ ದೊಡ್ಡದಲ್ಲವೇ’ ಎನ್ನುವ ಮಗು 0.5 ಎಂದು ಸರಿ ಉತ್ತರವನ್ನೇ ತಪ್ಪು ಕಾರಣಕ್ಕೆ ಆರಿಸುತ್ತದೆ, ಸಿಕ್ಕಿಬೀಳುವುದಿಲ್ಲ. 0.35ನ್ನು ಯಾರೂ ಮುಟ್ಟುವುದಿಲ್ಲ, ಅದು ದಂಡದ ಆಯ್ಕೆ.

ಬದಲಿಗೆ: ಎ) 0.3 ಬಿ) 0.45 ಸಿ) 0.125 ಡಿ) ಗೊತ್ತಿಲ್ಲ. ಈಗ ಎ ಎಂದವರು ‘ಚಿಕ್ಕದಾಗಿ ಬರೆದರೆ ದೊಡ್ಡದು’ ಗುಂಪು, ಸಿ ಎಂದವರು ‘ಉದ್ದವಾದರೆ ದೊಡ್ಡದು’ ಗುಂಪು, ಬಿ ಸರಿ. ಎ ಗುಂಪಿಗೂ ಸಿ ಗುಂಪಿಗೂ ಹೇಳಬೇಕಾದ ಪಾಠ ಬೇರೆ ಬೇರೆ. ಸಿ ಗುಂಪಿಗೆ 0.300, 0.450, 0.125 ಎಂದು ಸೊನ್ನೆ ಸೇರಿಸಿ ಬರೆದರೆ ಸಾಕಾಗುತ್ತದೆ. ಎ ಗುಂಪಿಗೆ ಹತ್ತನೇ ಭಾಗ ದೊಡ್ಡದು ಎಂಬುದು ಗೊತ್ತೇ ಇದೆ, ಅಂಥವು ಎಷ್ಟಿವೆ ಎಂದು ಎಣಿಸಬೇಕೆಂಬುದು ಗೊತ್ತಿಲ್ಲ. ಅವರಿಗೆ ನೂರು ಚೌಕದ ಗ್ರಾಫ್ ಹಾಳೆಯಲ್ಲಿ 30 ಚೌಕ ಮತ್ತು 45 ಚೌಕ ಬಣ್ಣ ಹಚ್ಚಿಸಬೇಕು. ‘ಗೊತ್ತಿಲ್ಲ’ ಎಂಬ ಆಯ್ಕೆ ಇಟ್ಟರೆ ಊಹೆ ಹೊಡೆಯುವುದು ತಗ್ಗುತ್ತದೆ.

ಹತ್ತನೇ ತರಗತಿ ಬೆಳಕಿನ ಪಾಠಕ್ಕೆ ಹೊಂದುವ ಪ್ರಶ್ನೆ: ಪೀನ ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ? ಎ) ಅರ್ಧ ಪ್ರತಿಬಿಂಬ ಮಾತ್ರ ಬಿ) ಪೂರ್ಣ ಪ್ರತಿಬಿಂಬ, ಮಂಕಾಗಿ ಸಿ) ಪ್ರತಿಬಿಂಬವೇ ಇಲ್ಲ ಡಿ) ಪೂರ್ಣ ಪ್ರತಿಬಿಂಬ, ಅದೇ ಪ್ರಕಾಶ. ಎ ಕಡೆಗೆ ಗಟ್ಟಿಯಾಗಿ ವಾದಿಸುವವರು ಇದ್ದೇ ಇರುತ್ತಾರೆ, ಏಕೆಂದರೆ ಪುಸ್ತಕದ ಕಿರಣ ಚಿತ್ರದಲ್ಲಿ ಎರಡೇ ಕಿರಣ. ಎರಡನೇ ಮತದ ನಂತರ (ಮತದ ಕ್ರಮ ಹಂತ 6ರಲ್ಲಿದೆ) ಉತ್ತರ ಹೇಳದೆ, ಮಸೂರದಿಂದ ಕಿಟಕಿಯ ಬಿಂಬವನ್ನು ಗೋಡೆಗೆ ಹಿಡಿದು ಅರ್ಧ ಮುಚ್ಚಿ ತೋರಿಸಿದರೆ ಮುಗಿಯಿತು. ಹತ್ತು ಸೆಕೆಂಡಿನ ಪ್ರಯೋಗಕ್ಕೆ ಸಿಮ್ಯುಲೇಷನ್ ಹುಡುಕಬೇಕಿಲ್ಲ.

ಹಂತ 6: ನಡೆಸುವ ಕ್ರಮ

ಕ್ರಮ ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1991ರಿಂದ ಬಳಕೆಗೆ ತಂದ ‘ಪಿಯರ್ ಇನ್‌ಸ್ಟ್ರಕ್ಷನ್’ನದ್ದು. ಪ್ರಶ್ನೆ ಬೋರ್ಡಿನ ಮೇಲೆ, ಒಂದು ನಿಮಿಷ ಮೌನ, ಮೊದಲ ಮತ. ಸರಿ ಉತ್ತರ 30 ಶೇಕಡಾಕ್ಕಿಂತ ಕಡಿಮೆಯಾದರೆ ಚರ್ಚೆಯಿಂದ ಪ್ರಯೋಜನವಿಲ್ಲ, ಪಾಠಕ್ಕೆ ಹಿಂತಿರುಗಬೇಕು. 70ಕ್ಕಿಂತ ಹೆಚ್ಚಾದರೆ ಎರಡು ಮಾತು ಹೇಳಿ ಮುಂದಕ್ಕೆ. ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ಎರಡು ಮೂರು ನಿಮಿಷ ವಾದ, ಆಮೇಲೆ ಎರಡನೇ ಮತ, ಆಮೇಲೆ ವಿವರಣೆ. 45 ಮಕ್ಕಳ ಲೆಕ್ಕದಲ್ಲಿ ಅದು 14 ಮತ್ತು 31. ಈ ಎರಡು ಸಂಖ್ಯೆ ಲ್ಯಾಪ್‌ಟಾಪ್‌ಗೆ ಅಂಟಿಸಿಟ್ಟರೆ ತರಗತಿಯಲ್ಲಿ ಶೇಕಡಾ ಲೆಕ್ಕ ಬೇಕಿಲ್ಲ.

ಕೆಡುವ ಜಾಗಗಳು: ಮತ ಬರುತ್ತಿರುವಾಗಲೇ ಕಂಬ ಚಿತ್ರ ಪರದೆಯಲ್ಲಿ ಬೆಳೆಯಲು ಬಿಟ್ಟರೆ, ತಡವಾಗಿ ಎತ್ತುವವರೆಲ್ಲ ಎತ್ತರದ ಕಂಬದ ಕಡೆ ತಿರುಗುತ್ತಾರೆ. ಪರದೆಯಲ್ಲಿ ‘41/45 ಬಂದಿದೆ’ ಎಂಬುದು ಮಾತ್ರ ಕಾಣಬೇಕು. ಮೊದಲ ಮತದ ಫಲಿತಾಂಶವನ್ನೂ ಎರಡನೆಯದರ ತನಕ ತೋರಿಸಬಾರದು, ತೋರಿಸಿದರೆ ಚರ್ಚೆ ಸತ್ತುಹೋಗುತ್ತದೆ. ಹೆಸರು ಸಮೇತ ಪಟ್ಟಿ ಶಿಕ್ಷಕರಿಗೆ ಮಾತ್ರ. ಆಂತರಿಕ ಅಂಕಕ್ಕೆ ಇದನ್ನು ಸೇರಿಸಿದ ದಿನದಿಂದ ಕಾರ್ಡು ತಿರುಗುವುದು ಪಕ್ಕದವರ ಕಡೆ ನೋಡಿ, ಸಂಖ್ಯೆಗಳು ಚೆಂದವಾಗುತ್ತವೆ, ಉಪಯೋಗಕ್ಕೆ ಬರುವುದಿಲ್ಲ. ಮುಖ್ಯೋಪಾಧ್ಯಾಯರು ಕೇಳಿದರೂ ಸೇರಿಸಬಾರದು ಎಂಬುದು ಈ ಲೇಖಕರ ಹಟ.

40 ನಿಮಿಷದ ಪೀರಿಯಡ್‌ಗೆ ಎರಡು ಪ್ರಶ್ನೆ. ಮೂರನೆಯದನ್ನು ತುರುಕಿದರೆ ವಾದದ ಸಮಯವನ್ನೇ ಕತ್ತರಿಸಬೇಕಾಗುತ್ತದೆ. ಕಾರ್ಡು ಹಂಚಲು ಹಾಜರಿ ಕರೆಯುವ ಹೊತ್ತನ್ನೇ ಬಳಸಬೇಕು, ಸಂಖ್ಯೆ ಕೂಗಿದಂತೆ ಪೆಟ್ಟಿಗೆಯಿಂದ ಕೈಗೆ. ಪೆಟ್ಟಿಗೆಯಲ್ಲಿ ಉಳಿದವೇ ಗೈರುಹಾಜರಿ ಪಟ್ಟಿ. ಮೇಜಿನ ಮೇಲಿಟ್ಟು ‘ತಗೊಳ್ಳಿ’ ಎಂದರೆ ಗೆಳೆಯರು ಕಾರ್ಡು ಅದಲುಬದಲು ಮಾಡಿಕೊಳ್ಳುವುದು ಖಂಡಿತ.

ಇನ್ನೂ ಬಗೆಹರಿಯದ್ದು

ಮಳೆಗಾಲದ ಮಧ್ಯಾಹ್ನ ಕರೆಂಟ್ ಹೋದರೆ ಮೂರನೇ ಸಾಲಿನಾಚೆ ಓದುವುದಿಲ್ಲ. ಫೋನಿನ ಟಾರ್ಚ್ ಅಷ್ಟು ದೂರ ತಲುಪದು. ಆ ದಿನ ಕೈ ಬೆರಳಲ್ಲೇ ಎಣಿಕೆ: ಎದೆಗೆ ಒತ್ತಿ ಒಂದರಿಂದ ನಾಲ್ಕು ಬೆರಳು, ಶಿಕ್ಷಕರು ಸುತ್ತಿ ಎಣಿಸುವುದು. ಪ್ರಶ್ನೆ ಚೆನ್ನಾಗಿದ್ದರೆ ಅದರಲ್ಲೂ ನಡೆಯುತ್ತದೆ.

ತೇವಕ್ಕೆ ಕಾರ್ಡು ಬಾಗುತ್ತದೆ, ಬಾಗಿದ ಮಾರ್ಕರ್‌ನ ಬದಿ ನೇರ ಗೆರೆಯಾಗಿ ಕಾಣದೆ ತಪ್ಪಿಹೋಗುತ್ತದೆ. ಪೆಟ್ಟಿಗೆ ಮೇಲೆ ಒಂದು ಇಟ್ಟಿಗೆ ಇಟ್ಟರೆ ರಾತ್ರಿ ಕಳೆದು ನೇರವಾಗುತ್ತವೆ, ಮಲೆನಾಡಿನ ಜುಲೈಗೆ ಅದೂ ಸಾಲದು. ಮ್ಯಾಟ್ ಲ್ಯಾಮಿನೇಷನ್ ಮಾಡಿದ ಆರು ಕಾರ್ಡು ಪರೀಕ್ಷೆಗೆ ಇಟ್ಟಿದೆ. ಹೊಳಪು ಕಡಿಮೆ, ಓದುತ್ತಿದೆ, ಆದರೆ ಹಾಳೆಗೆ ₹35 ಕೇಳುತ್ತಾರೆ. 25 ಹಾಳೆಗೆ ₹875, ಕಾರ್ಡಿನ ಖರ್ಚಿಗಿಂತ ಹೆಚ್ಚು. ಅದರ ಬದಲು ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಕಂತು ಮುದ್ರಿಸುವುದೇ ಅಗ್ಗ.